ಗೇಟ್‌ನಲ್ಲಿ ಅಂಕ ಕಡಿಮೆ ಬಂದಿದೆ: ಮತ್ತೆ ಬರೆಯುವುದಾದರೆ ಯಾವ ದಾರಿ?

ಎಂ.ಟೆಕ್ ಪ್ರವೇಶಕ್ಕೂ ಸಾರ್ವಜನಿಕ ಉದ್ದಿಮೆಗಳ ಕೆಲಸಕ್ಕೂ ಬರೆಯುವ ಗೇಟ್ ಪರೀಕ್ಷೆಯ ಫಲಿತಾಂಶ ಮಾರ್ಚ್‌ನಲ್ಲಿ ಬಂದ ವಾರವೇ ಬಹಳ ಮಂದಿ ತೀರ್ಮಾನ ಮಾಡಿಬಿಡುತ್ತಾರೆ: ಒಂದು ವರ್ಷ ಡ್ರಾಪ್, ಇಲ್ಲವೇ ಸಿಕ್ಕಿದ ಕೆಲಸ, ಇಲ್ಲವೇ ರಾಜ್ಯದ ಎಂ.ಟೆಕ್ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿ ಬರೆದು ಹತ್ತಿರದ ಕಾಲೇಜು. ಇವುಗಳಲ್ಲಿ ಯಾವುದು ಸರಿ ಎಂಬುದನ್ನು ಸ್ಕೋರ್ ಕಾರ್ಡಿನ ಸಂಖ್ಯೆಯೊಂದೇ ಹೇಳುವುದಿಲ್ಲ. 36 ಅಂಕ ತೆಗೆದ ಇಬ್ಬರಲ್ಲಿ ಒಬ್ಬರಿಗೆ ದಿನಕ್ಕೆ ಎರಡೂವರೆ ಗಂಟೆ ಓದು ಸಾಕಾಗಬಹುದು, ಇನ್ನೊಬ್ಬರಿಗೆ ಇಡೀ ವರ್ಷ ಸಾಲದೆ ಹೋಗಬಹುದು. ಅಂಕ ಎಲ್ಲಿ ಹೋಯಿತು, ಯಾಕೆ ಹೋಯಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹಾಗಾಗಿ ದಾರಿಗಳನ್ನು ಹೋಲಿಸುವ ಮೊದಲು ಆ ಲೆಕ್ಕ ಮುಗಿಸಿಕೊಳ್ಳೋಣ.

ರೆಸ್ಪಾನ್ಸ್ ಶೀಟ್ ಮುಂದಿಟ್ಟುಕೊಂಡು ಕೂರಿ

ಪರೀಕ್ಷೆ ಮುಗಿದ ಕೆಲವೇ ದಿನಗಳಲ್ಲಿ ನಿಮ್ಮ ಲಾಗಿನ್‌ನಲ್ಲಿ ನೀವು ಕೊಟ್ಟ ಉತ್ತರಗಳ ದಾಖಲೆಯಾದ ರೆಸ್ಪಾನ್ಸ್ ಶೀಟ್ ಸಿಗುತ್ತದೆ. ಅದನ್ನೂ ಪ್ರಶ್ನೆಪತ್ರಿಕೆಯನ್ನೂ ಅಂತಿಮ ಕೀ ಉತ್ತರವನ್ನೂ ಸ್ಕೋರ್ ಕಾರ್ಡನ್ನೂ ಕೂಡಲೇ ಇಳಿಸಿಟ್ಟುಕೊಳ್ಳಿ. ಪ್ರತಿವರ್ಷ ಸಂಘಟಕ ಸಂಸ್ಥೆ ಬದಲಾಗುತ್ತದೆ: 2024ರಲ್ಲಿ ಬೆಂಗಳೂರಿನ ಐಐಎಸ್‌ಸಿ, 2025ರಲ್ಲಿ ಐಐಟಿ ರೂರ್ಕಿ, 2026ರಲ್ಲಿ ಐಐಟಿ ಗುವಾಹಟಿ. ಸಂಸ್ಥೆಯ ಜೊತೆ ಜಾಲತಾಣವೂ ಬದಲಾಗುವುದರಿಂದ ಆಮೇಲೆ ಹುಡುಕಿಕೊಂಡರಾಯಿತು ಎಂದು ಬಿಟ್ಟವರ ಕೈಗೆ ಅವು ಸಿಗುವುದು ಕಷ್ಟ.

65 ಪ್ರಶ್ನೆಗಳನ್ನು ಒಂದೊಂದಾಗಿ, ಉತ್ತರ ನೋಡದೆ, ಗಡಿಯಾರ ಇಲ್ಲದೆ ಮತ್ತೆ ಬಿಡಿಸಿ. ಎರಡು ದಿನ ಬೇಕಾಗುತ್ತದೆ. ಕಳೆದುಕೊಂಡ ಪ್ರತಿಯೊಂದು ಅಂಕದ ಎದುರೂ ಈ ನಾಲ್ಕರಲ್ಲಿ ಒಂದು ಕಾರಣ ಬರೆಯಿರಿ. ಗೊತ್ತಿದ್ದೂ ತಪ್ಪಿದ್ದು: ಯೂನಿಟ್, ಚಿಹ್ನೆ, ದಶಮಾಂಶ, ಪ್ರಶ್ನೆಯಲ್ಲಿದ್ದ ‘ಅಲ್ಲ’ ಕಣ್ಣಿಗೆ ಬೀಳದ್ದು. ಅರೆಬರೆ ಗೊತ್ತಿದ್ದದ್ದು: ವಿಷಯ ಓದಿದ್ದರೂ ಸೂತ್ರ ನೆನಪಾಗದ್ದು, ಎಲ್ಲಿಂದ ಶುರು ಮಾಡಬೇಕೆಂದು ಹೊಳೆಯದ್ದು. ಓದದೇ ಬಿಟ್ಟದ್ದು. ಸಮಯ ಸಾಲದೆ ಮುಟ್ಟದೇ ಉಳಿದದ್ದು.

ಒಂದು ಕಲ್ಪಿತ ಲೆಕ್ಕ ನೋಡಿ. ಮೆಕ್ಯಾನಿಕಲ್ ಪತ್ರಿಕೆಯಲ್ಲಿ ಸರಿಯುತ್ತರಗಳಿಂದ 41 ಅಂಕ ಬಂದಿದೆ. ಆರು ಒಂದಂಕದ ಬಹುಆಯ್ಕೆ ಪ್ರಶ್ನೆಗಳೂ ನಾಲ್ಕು ಎರಡಂಕದವೂ ತಪ್ಪಿವೆ. ಒಂದಂಕದ್ದು ತಪ್ಪಿದರೆ ಮೂರನೇ ಒಂದು, ಎರಡಂಕದ್ದು ತಪ್ಪಿದರೆ ಮೂರನೇ ಎರಡು ಅಂಕ ಕಡಿತ. ಒಟ್ಟು 4.67 ಹೋಗಿ ಕೈಗೆ ಬಂದದ್ದು 36.33. ಬಾರದ 59 ಅಂಕಗಳಲ್ಲಿ ಗೊತ್ತಿದ್ದೂ ತಪ್ಪಿದ್ದು 13, ಅರೆಬರೆ 19, ಓದದೇ ಬಿಟ್ಟದ್ದು 17, ಸಮಯ ಸಾಲದ್ದು 10. ಆ 13ರಲ್ಲಿ 7 ವಾಪಸ್ ಪಡೆದು, ಕಡಿತವನ್ನು 2ಕ್ಕೆ ಇಳಿಸಿದರೆ ಸಾಕು, ಹೊಸದಾಗಿ ಒಂದು ಪಾಠವನ್ನೂ ಓದದೆ ಅಂಕ 46ಕ್ಕೆ ಏರುತ್ತದೆ.

ಆ ಏರಿಕೆಯ ಬೆಲೆ ಎಷ್ಟು? ಗೇಟ್ ಸ್ಕೋರ್ ಸಾವಿರಕ್ಕೆ ಇರುತ್ತದೆ. ಸಾಮಾನ್ಯ ವರ್ಗದ ಅರ್ಹತಾ ಅಂಕಕ್ಕೆ 350, ಅತಿ ಮುಂದಿರುವ 0.1 ಶೇಕಡಾ ಅಥವಾ ಹತ್ತು ಜನರಲ್ಲಿ ಯಾವುದು ಹೆಚ್ಚೋ ಅವರ ಸರಾಸರಿ ಅಂಕಕ್ಕೆ 900 ಎಂದು ಇಟ್ಟುಕೊಂಡು, ಆ ಎರಡು ಬಿಂದುಗಳ ನಡುವೆ ಸರಳರೇಖೆಯಲ್ಲಿ ಲೆಕ್ಕ ಹಾಕುತ್ತಾರೆ. ಅರ್ಹತಾ ಅಂಕ 27, ಮುಂಚೂಣಿಯವರ ಸರಾಸರಿ 82 ಎಂದುಕೊಳ್ಳಿ: 55 ಅಂಕಕ್ಕೆ 550 ಸ್ಕೋರ್, ಅಂದರೆ ಅಂಕಕ್ಕೆ ಹತ್ತು. 36.33 ತೆಗೆದವರಿಗೆ 443 ಬಂದರೆ 46 ತೆಗೆದವರಿಗೆ 540. ನಿಮ್ಮ ಪತ್ರಿಕೆಯ ಅರ್ಹತಾ ಅಂಕ ಸ್ಕೋರ್ ಕಾರ್ಡಿನಲ್ಲೇ ಇರುವುದರಿಂದ ನಿಮ್ಮ ಒಂದು ಅಂಕಕ್ಕೆ ಎಷ್ಟು ಸ್ಕೋರ್ ಎಂದು ತೆಗೆಯುವುದು ಕಷ್ಟವಲ್ಲ. ಪತ್ರಿಕೆ ಎರಡು ಪಾಳಿಗಳಲ್ಲಿ ನಡೆದಿದ್ದರೆ ಅಂಕಗಳನ್ನು ಮೊದಲು ಸರಿದೂಗಿಸುತ್ತಾರೆ, ಆಗ ನೀವು ಕೂಡಿದ ಮೊತ್ತಕ್ಕೂ ಕಾರ್ಡಿನಲ್ಲಿರುವುದಕ್ಕೂ ಸ್ವಲ್ಪ ವ್ಯತ್ಯಾಸ ಬರುತ್ತದೆ. ಗಾಬರಿ ಬೇಡ.

ಇರುವ ಸ್ಕೋರಿನಲ್ಲೇ ಹೋಗುವುದು

ಸ್ಕೋರಿಗೆ ಫಲಿತಾಂಶದ ದಿನದಿಂದ ಮೂರು ವರ್ಷ ಮಾನ್ಯತೆ ಇದೆ. ಮತ್ತೆ ಬರೆದು ಕಡಿಮೆ ಬಂದರೂ ಹಳೆಯದು ಅಳಿಯುವುದಿಲ್ಲ, ಎರಡರಲ್ಲಿ ಒಳ್ಳೆಯದನ್ನು ಕೊಟ್ಟು ಎಂ.ಟೆಕ್‌ಗೆ ಅರ್ಜಿ ಹಾಕಬಹುದು. ಎಷ್ಟು ಬಾರಿ ಬರೆಯಬಹುದೆಂಬ ಮಿತಿಯೂ ಇಲ್ಲ. ಹಾಗಾಗಿ ಪಣಕ್ಕಿಡುವುದು ಸಮಯವನ್ನು ಮತ್ತು ಹಣವನ್ನು ಮಾತ್ರ. ಸಾರ್ವಜನಿಕ ಉದ್ದಿಮೆಗಳ ಕೆಲಸದ ಮಾತು ಬೇರೆ: ಅವು ಸಾಮಾನ್ಯವಾಗಿ ಆಯಾ ವರ್ಷದ ಸ್ಕೋರನ್ನೇ ಕೇಳುತ್ತವೆ. ಅದೇ ಗುರಿಯಾದವರಿಗೆ ಹಳೆಯ ಸ್ಕೋರ್ ಆಸರೆಯಾಗುವುದಿಲ್ಲ.

ಮತ್ತೆ ಬರೆಯಲೇಬೇಕು ಎಂದು ಮನಸ್ಸು ಹೇಳುತ್ತಿದ್ದರೂ ಈ ವರ್ಷದ ಅರ್ಜಿಗಳನ್ನು ಬಿಡಬೇಡಿ. ಎನ್‌ಐಟಿಗಳಿಗೆ ಸಿಸಿಎಂಟಿ ಎಂಬ ಒಟ್ಟು ಕೌನ್ಸೆಲಿಂಗ್ ಇದೆ, ಸುರತ್ಕಲ್‌ನ ಎನ್‌ಐಟಿಕೆ ಅದರಲ್ಲೇ ಬರುತ್ತದೆ. ಹಿಂದಿನ ವರ್ಷ ಪ್ರತಿ ಸುತ್ತಿನಲ್ಲಿ ಯಾವ ವಿಭಾಗದ ಸೀಟು ಯಾವ ಸ್ಕೋರಿಗೆ ಮುಗಿಯಿತು ಎಂಬ ಪಟ್ಟಿ ಸಿಸಿಎಂಟಿ ತಾಣದಲ್ಲೇ ಸಿಗುತ್ತದೆ. ಮೊದಲ ಸುತ್ತಿನದ್ದನ್ನು ನೋಡಿ ಕೈಬಿಡುವುದು ಸಾಮಾನ್ಯ ತಪ್ಪು, ಕೊನೆಯ ಸುತ್ತಿನದ್ದನ್ನು ನಿಮ್ಮ ವರ್ಗಕ್ಕೆ ನೋಡಿ. ಐಐಟಿಗಳಲ್ಲಿ ಇನ್ನೊಂದು ಎಡವಟ್ಟು ಆಗುತ್ತದೆ: ಸಿಒಎಪಿಯಲ್ಲಿ ನೋಂದಾಯಿಸಿದರೆ ಅರ್ಜಿ ಹಾಕಿದಂತಾಯಿತು ಎಂದುಕೊಳ್ಳುವುದು. ಅದು ಬಂದ ಆಫರನ್ನು ಒಪ್ಪುವ, ಕಾಯುವ, ತಿರಸ್ಕರಿಸುವ ಜಾಗವಷ್ಟೇ. ಪ್ರತಿ ಐಐಟಿಗೂ ಅದರದೇ ತಾಣದಲ್ಲಿ ಬೇರೆಯಾಗಿ ಅರ್ಜಿ ಹಾಕಬೇಕು.

ಸಂಶೋಧನೆಯ ಕಡೆ ಒಲವಿದ್ದವರು ಎಂ.ಎಸ್. ಅಥವಾ ಎಂ.ಟೆಕ್ ರಿಸರ್ಚ್ ನೋಡಲೇಬೇಕು. ಅಲ್ಲಿ ಸ್ಕೋರ್ ಬಾಗಿಲವರೆಗೆ ಕರೆದೊಯ್ಯುತ್ತದೆ, ಒಳಗೆ ಸೇರಿಸುವುದು ಸಂದರ್ಶನ, ಕೆಲವೆಡೆ ಲಿಖಿತ ಪರೀಕ್ಷೆ. ಎರಡು ಮೂರು ವಿಷಯಗಳನ್ನು ಆಳವಾಗಿ ಓದಿಯೂ ಉಳಿದವುಗಳಲ್ಲಿ ಅಂಕ ಕಳೆದುಕೊಂಡವರಿಗೆ ಇಡೀ ವರ್ಷ ಕಾಯುವುದಕ್ಕಿಂತ ಇದು ಮೇಲು ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

ಕೆಲಸದ ಜೊತೆ ಓದುವುದೋ, ಡ್ರಾಪ್ ತೆಗೆದುಕೊಳ್ಳುವುದೋ

ಹೆಚ್ಚು ಗೊಂದಲ ಇರುವುದು ಇಲ್ಲೇ, ಗಂಟೆಗಳಲ್ಲಿ ಲೆಕ್ಕ ಹಾಕಿದರೆ ಅರ್ಧ ಗೊಂದಲ ಕರಗುತ್ತದೆ.

ಮೇಲಿನ ಕಲ್ಪಿತ ವಿದ್ಯಾರ್ಥಿಗೆ ಬೇಕಾದದ್ದು ಇಷ್ಟು. ಓದದೇ ಬಿಟ್ಟ ಮೂರು ವಿಷಯಗಳಿಗೆ ತಲಾ 70 ಗಂಟೆಯಂತೆ 210. ಅರೆಬರೆ ಗೊತ್ತಿರುವ ನಾಲ್ಕಕ್ಕೆ ತಲಾ 40ರಂತೆ 160. ಗಣಿತ ಮತ್ತು ಆಪ್ಟಿಟ್ಯೂಡ್‌ಗೆ 120. ಇಪ್ಪತ್ತು ಪೂರ್ಣ ಮಾಕ್ ಟೆಸ್ಟ್‌ಗಳಿಗೆ ಬರೆಯಲು ಮೂರು, ತಪ್ಪು ಹುಡುಕಲು ನಾಲ್ಕು ಗಂಟೆಯಂತೆ 140. ಪುನರಾವರ್ತನೆಗೆ 150. ಒಟ್ಟು 780 ಗಂಟೆ.

ಕೆಲಸದಲ್ಲಿರುವವರು ವಾರದ ಐದು ದಿನ ಎರಡೂವರೆ ಗಂಟೆ, ಶನಿವಾರ ಭಾನುವಾರ ಏಳೇಳು ಗಂಟೆ ಕೂತರೆ ವಾರಕ್ಕೆ 26.5 ಗಂಟೆ. ಏಪ್ರಿಲ್‌ನಿಂದ ಜನವರಿ ಕೊನೆಯವರೆಗಿನ 44 ವಾರಗಳಿಗೆ 1,166. ಹಬ್ಬ, ಮದುವೆ, ಜ್ವರ, ಆಫೀಸಿನ ಡೆಡ್‌ಲೈನ್ ಎಂದು ಮೂರನೇ ಒಂದು ಭಾಗ ಕಳೆದರೂ 780ರ ಸಮೀಪ ಉಳಿಯುತ್ತದೆ. ಅಂದರೆ ಈ ವಿದ್ಯಾರ್ಥಿ ಕೆಲಸ ಬಿಡಬೇಕಿಲ್ಲ. ಆದರೆ ಬೆಂಗಳೂರಿನಲ್ಲಿ ದಿನಕ್ಕೆ ಮೂರು ಗಂಟೆ ಬಸ್ಸು, ಮೆಟ್ರೋದಲ್ಲೇ ಕಳೆಯುವವರು, ಪಾಳಿ ಬದಲಾಗುವ ಕಾರ್ಖಾನೆಯಲ್ಲಿರುವವರು ಆ ಎರಡೂವರೆ ಗಂಟೆ ತಮಗೆ ನಿಜಕ್ಕೂ ಸಿಗುತ್ತದೆಯೇ ಎಂದು ಎರಡು ವಾರ ಪರೀಕ್ಷಿಸಿ ನೋಡಬೇಕು. ಬೆಳಿಗ್ಗೆ ಐದರಿಂದ ಏಳೂವರೆ ಉಳಿಯುತ್ತದೆ. ರಾತ್ರಿ ಒಂಬತ್ತರ ನಂತರದ ಓದು ಕಾಗದದ ಮೇಲೆ ಮಾತ್ರ ಇರುತ್ತದೆ.

ಓದದೇ ಬಿಟ್ಟದ್ದರ ಪಾಲು 35 ಅಂಕ ದಾಟಿದ್ದರೆ ಲೆಕ್ಕ ಬದಲಾಗುತ್ತದೆ. ಆರೇಳು ವಿಷಯ ಮೊದಲಿನಿಂದ ಓದಬೇಕು, 1,200 ಗಂಟೆ ಮೀರುತ್ತದೆ. ಅಂಥವರಿಗೆ ಡ್ರಾಪ್ ನ್ಯಾಯವಾದ ಆಯ್ಕೆ. ದಿನಕ್ಕೆ ಏಳು ಗಂಟೆ, ವಾರಕ್ಕೆ ಆರು ದಿನ ಸಾಕು; ಹದಿನಾಲ್ಕು ಗಂಟೆಯ ವೇಳಾಪಟ್ಟಿ ಗೋಡೆಗೆ ಅಂಟಿಸಿದವರು ಜೂನ್ ದಾಟುವುದು ಅಪರೂಪ. ಡ್ರಾಪ್ ಕೆಡುವುದು ಸಾಮಾನ್ಯವಾಗಿ ಆಗಸ್ಟ್‌ನಿಂದ ಅಕ್ಟೋಬರ್ ನಡುವೆ. ಪರೀಕ್ಷೆ ಇನ್ನೂ ದೂರ, ಜೊತೆಗಿದ್ದವರೆಲ್ಲ ಕೆಲಸಕ್ಕೆ ಹೋಗಿರುತ್ತಾರೆ, ಮನೆಯಲ್ಲಿ ಬಂದವರೆಲ್ಲ ‘ಈಗ ಏನ್ ಮಾಡ್ತಿದ್ದೀಯಪ್ಪಾ’ ಎಂದು ಕೇಳುತ್ತಾರೆ. ಇದನ್ನು ಮೊದಲೇ ಬಲ್ಲವರು ಮನೆಯಲ್ಲಿ ಓದದೆ ಊರಿನ ಗ್ರಂಥಾಲಯಕ್ಕೋ ಬಾಡಿಗೆಯ ಸ್ಟಡಿ ರೂಮಿಗೋ ಹೋಗಿ ಕೂರುತ್ತಾರೆ. ಆ ಖರ್ಚು ಕೋಚಿಂಗ್ ಖರ್ಚಿಗಿಂತ ಹೆಚ್ಚು ಫಲ ಕೊಡುತ್ತದೆ.

ಕಳೆದುಕೊಂಡದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಗೊತ್ತಿದ್ದೂ ತಪ್ಪಿದ್ದು ಮತ್ತು ಸಮಯ ಸಾಲದ್ದು ಆಗಿದ್ದರೆ ಡ್ರಾಪ್ ಖಂಡಿತ ಬೇಡ. ಅದು ಓದಿನ ಕೊರತೆ ಅಲ್ಲ, ಪರೀಕ್ಷೆ ಬರೆಯುವ ಅಭ್ಯಾಸದ ಕೊರತೆ. ಅದಕ್ಕೆ ಹನ್ನೊಂದು ತಿಂಗಳು ಮನೆಯಲ್ಲಿ ಕೂರಬೇಕಿಲ್ಲ.

ಪಿಜಿಸಿಇಟಿಯಲ್ಲಿ ಸೇರಿ, ಜೊತೆಗೇ ಮತ್ತೆ ಗೇಟ್

ಇದು ಸುರಕ್ಷಿತವಾಗಿ ಕಾಣುವ ದಾರಿ, ಹೆಚ್ಚಿನವರಿಗೆ ಒಗ್ಗದ ದಾರಿ. ಮೊದಲ ಸೆಮಿಸ್ಟರಿನ ಇಂಟರ್ನಲ್ಸ್, ಲ್ಯಾಬ್, ಪರೀಕ್ಷೆ ಎಲ್ಲ ಗೇಟ್‌ನ ಕೊನೆಯ ಎರಡು ತಿಂಗಳ ಮೇಲೇ ಬಂದು ಬೀಳುತ್ತವೆ. ನಡುವೆ ಬಿಟ್ಟರೆ ಕಟ್ಟಿದ ಶುಲ್ಕ ವಾಪಸ್ ಬರುವುದು, ಮೂಲ ದಾಖಲೆ ಬಿಡಿಸಿಕೊಳ್ಳುವುದು ಎರಡೂ ತಲೆನೋವು.

ಇಲ್ಲಿ ಹಲವರ ಗಮನಕ್ಕೆ ಬಾರದ ವಿಷಯ ಒಂದಿದೆ. ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ಮಾನ್ಯತೆಯ ಕಾಲೇಜುಗಳಲ್ಲಿ ಎಂ.ಟೆಕ್ ಓದುವವರಿಗೆ ಸಿಗುವ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನಕ್ಕೆ ಪ್ರವೇಶದ ಹೊತ್ತಿಗೇ ಮಾನ್ಯವಾದ ಗೇಟ್ ಅರ್ಹತೆ ಇರಬೇಕು. ಸೇರಿದ ಮೇಲೆ ಗೇಟ್ ಪಾಸಾದರೆ ಅದು ಬರುವುದಿಲ್ಲ. ಪಿಜಿಸಿಇಟಿ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಎಂ.ಟೆಕ್ ಸೀಟು ಹಂಚುವಾಗಲೂ ಗೇಟ್ ಅರ್ಹರಿಗೆ ಮೊದಲ ಆದ್ಯತೆ. ಆದ್ದರಿಂದ ನಿರಾಸೆ ತಂದ ಸ್ಕೋರ್ ಆಗಿದ್ದರೂ ಅರ್ಹತೆ ಬಂದಿದೆಯಾದರೆ ಕೆಇಎಯಲ್ಲಿ ಅದನ್ನು ತೋರಿಸಿಯೇ ಸೇರಿ. ಎರಡು ವರ್ಷಕ್ಕೆ ಸುಮಾರು ಮೂರು ಲಕ್ಷ ರೂಪಾಯಿಯ ವ್ಯತ್ಯಾಸ ಅದು. ನಿಮಗೆ ಬೇಕಾದ ಸ್ಪೆಷಲೈಸೇಷನ್, ಒಳ್ಳೆಯ ಲ್ಯಾಬ್, ತಿಂಗಳ ವೇತನ ಮೂರೂ ಸೇರಿದರೆ ಮತ್ತೆ ಗೇಟ್ ಬರೆಯುವ ಯೋಚನೆಯನ್ನೇ ಬಿಟ್ಟು ಅಲ್ಲಿ ಮನಸ್ಸಿಟ್ಟು ಓದುವುದು ಸರಿ. ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಇಟ್ಟರೆ ಸಿಜಿಪಿಎಯೂ ಹೋಗುತ್ತದೆ, ಗೇಟೂ ಹೋಗುತ್ತದೆ.

ಪತ್ರಿಕೆ ಬದಲಿಸುವುದು

ಮೆಕ್ಯಾನಿಕಲ್, ಸಿವಿಲ್‌ನವರಿಗೆ ಎಕ್ಸ್‌ಇ (ಎಂಜಿನಿಯರಿಂಗ್ ಸೈನ್ಸಸ್), ಎಲೆಕ್ಟ್ರಾನಿಕ್ಸ್‌ನವರಿಗೆ ಇನ್‌ಸ್ಟ್ರುಮೆಂಟೇಷನ್, ಕಂಪ್ಯೂಟರ್‌ನವರಿಗೆ 2024ರಲ್ಲಿ ಶುರುವಾದ ಡಿಎ (ಡೇಟಾ ಸೈನ್ಸ್ ಮತ್ತು ಎಐ) ಹತ್ತಿರದವು. ಎಕ್ಸ್‌ಇಯಲ್ಲಿ ಆಪ್ಟಿಟ್ಯೂಡ್ 15, ಕಡ್ಡಾಯ ಗಣಿತ 15, ನೀವೇ ಆರಿಸಿದ ಎರಡು ವಿಭಾಗಗಳಿಗೆ ತಲಾ 35. ಫ್ಲೂಯಿಡ್ ಮೆಕ್ಯಾನಿಕ್ಸ್, ಥರ್ಮೋಡೈನಮಿಕ್ಸ್ ಚೆನ್ನಾಗಿ ಬಲ್ಲ, ಮ್ಯಾನುಫ್ಯಾಕ್ಚರಿಂಗ್ ಕಂಡರೆ ಆಗದವರಿಗೆ ಇದು ಹೇಳಿ ಮಾಡಿಸಿದ ಪತ್ರಿಕೆ. ಆದರೆ ಎಕ್ಸ್‌ಇ ಕೇಳುವ ಸಾರ್ವಜನಿಕ ಉದ್ದಿಮೆಗಳು ವಿರಳ, ಎಂ.ಟೆಕ್ ವಿಭಾಗಗಳೂ ಕಡಿಮೆ. ಡಿಎಯಲ್ಲಿ ಪ್ರಾಬಬಿಲಿಟಿ ಮತ್ತು ಲೀನಿಯರ್ ಆಲ್ಜಿಬ್ರಾದ ಭಾರ ದೊಡ್ಡದು, ಪ್ರೋಗ್ರಾಮಿಂಗ್ ಬರುತ್ತದೆ ಎಂಬ ಧೈರ್ಯ ಅಲ್ಲಿ ಸಾಲದು. ಸೇರಬೇಕೆಂದಿರುವ ವಿಭಾಗ ಆ ಪತ್ರಿಕೆಯನ್ನು ಒಪ್ಪುತ್ತದೆಯೇ ಎಂದು ಮೊದಲು ನೋಡಿ, ಆಮೇಲೆ ಸಿಲಬಸ್ ತೆರೆಯಿರಿ. ಅನುಮತಿಸಿದ ಜೋಡಿಗಳಲ್ಲಿ ಎರಡು ಪತ್ರಿಕೆ ಬರೆಯಲು ಅವಕಾಶ ಇರುವುದರಿಂದ ಮೂಲ ಪತ್ರಿಕೆಯನ್ನು ಪೂರ್ತಿ ಬಿಡಬೇಕಿಲ್ಲ.

ಮತ್ತೆ ಓದುವಾಗ ಯಾವುದಕ್ಕೆ ಹಣ, ಯಾವುದಕ್ಕೆ ಸಮಯ

ಎರಡನೇ ಬಾರಿ ಬರೆಯುವವರು ಪೂರ್ತಿ ಕೋಚಿಂಗ್ ಕೋರ್ಸ್ ಮತ್ತೆ ಕೊಳ್ಳುವುದು ಹಣ ಕಳೆಯುವ ಮೊದಲ ದಾರಿ. ಒಮ್ಮೆ ಕೇಳಿದ ಪಾಠವನ್ನು ಮತ್ತೆ ಕೇಳುವಾಗ ಎಲ್ಲವೂ ಗೊತ್ತು ಅನ್ನಿಸುತ್ತದೆ. ಪೆನ್ನು ಹಿಡಿದಾಗ ಕೈ ಓಡುವುದಿಲ್ಲ. ಓದದೇ ಬಿಟ್ಟ ವಿಷಯಗಳಿಗೆ ಮಾತ್ರ ಪಾಠ ಕೇಳಿ, ಐಐಟಿಗಳ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ನಲ್ಲಿ ಬಹುತೇಕ ಎಲ್ಲ ವಿಷಯಗಳೂ ಉಚಿತವಾಗಿವೆ. ಅರೆಬರೆ ಗೊತ್ತಿರುವವಕ್ಕೆ ಪಾಠ ಬೇಡ. ಹಿಂದಿನ ಪ್ರಶ್ನೆಪತ್ರಿಕೆಗಳನ್ನು ನೇರವಾಗಿ ಬಿಡಿಸಿ, ಸಿಕ್ಕಿಕೊಂಡ ಕಡೆ ಮಾತ್ರ ಪುಸ್ತಕ ತೆರೆಯಿರಿ. ಇತ್ತೀಚಿನ ಐದು ವರ್ಷಗಳ ಪತ್ರಿಕೆಗಳನ್ನು ಮುಟ್ಟದೆ ಎತ್ತಿಡಿ, ಡಿಸೆಂಬರ್‌ನಲ್ಲಿ ಮೂರು ಗಂಟೆಯ ಪರೀಕ್ಷೆಯಾಗಿ ಬರೆಯಲು ಅವು ಬೇಕು. ಒಂದು ಟೆಸ್ಟ್ ಸೀರೀಸ್ ಸಾಕು. ಎರಡು ಮೂರು ಕೊಂಡವರು ಬರೆಯುತ್ತಲೇ ಹೋಗುತ್ತಾರೆ, ತಪ್ಪು ಹುಡುಕಲು ಅವರಿಗೆ ಬಿಡುವಿರುವುದಿಲ್ಲ.

ಆಪ್ಟಿಟ್ಯೂಡ್ ಮತ್ತು ಗಣಿತಕ್ಕೆ ಹೆಚ್ಚಿನ ಪತ್ರಿಕೆಗಳಲ್ಲಿ ಸೇರಿ 28 ಅಂಕ. ಮೊದಲ ಬಾರಿ ‘ಕೊನೆಗೆ ನೋಡಿಕೊಂಡರಾಯಿತು’ ಎಂದು ಬಿಡುವುದು ಇವನ್ನೇ. ಕನ್ನಡ ಮಾಧ್ಯಮದಿಂದ ಬಂದವರು ಆಪ್ಟಿಟ್ಯೂಡ್‌ನ ಇಂಗ್ಲಿಷ್ ಪ್ರಶ್ನೆಗಳಿಗೆ ಹೆದರಬೇಕಿಲ್ಲ. ಪ್ರಿಪೊಸಿಷನ್, ಕಾಲ, ಪದಗಳ ಜೋಡಿಯ ಸಂಬಂಧ, ಕೊಟ್ಟ ಪ್ಯಾರಾದಿಂದ ಏನು ಹೇಳಬಹುದು ಎಂಬ ಮಾದರಿಗಳು ಮತ್ತೆ ಮತ್ತೆ ಬರುತ್ತವೆ. ದಿನಕ್ಕೆ ಇಪ್ಪತ್ತು ನಿಮಿಷ ಹಳೆಯ ಪ್ರಶ್ನೆ ಬಿಡಿಸಿದರೆ ಮೂರು ತಿಂಗಳಲ್ಲಿ ಪಳಗುತ್ತದೆ.

ಊಹೆಯ ಬಗ್ಗೆ ಒಂದು ಲೆಕ್ಕ ತಲೆಯಲ್ಲಿರಲಿ. ನಾಲ್ಕು ಆಯ್ಕೆಯ ಒಂದಂಕದ ಪ್ರಶ್ನೆಗೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ ಲಾಭ ಸೊನ್ನೆ. ಒಂದು ಆಯ್ಕೆ ಖಂಡಿತ ತಪ್ಪೆಂದು ಗೊತ್ತಾದರೆ ಲಾಭ ಒಂಬತ್ತನೇ ಒಂದು ಅಂಕ, ಎರಡು ತಪ್ಪೆಂದು ಗೊತ್ತಾದರೆ ಮೂರನೇ ಒಂದು. ಎರಡು ಆಯ್ಕೆ ಹೊಡೆದುಹಾಕಿದ ಮೇಲೆ ಖಾಲಿ ಬಿಡುವುದು ನಷ್ಟ. ಒಂದಕ್ಕಿಂತ ಹೆಚ್ಚು ಸರಿಯುತ್ತರ ಇರಬಹುದಾದ ಎಂಎಸ್‌ಕ್ಯೂ ಮತ್ತು ಸಂಖ್ಯೆ ತುಂಬುವ ಪ್ರಶ್ನೆಗಳಿಗೆ ಅಂಕ ಕಡಿತವೇ ಇಲ್ಲ, ಅವನ್ನು ಖಾಲಿ ಬಿಡಲೇಬಾರದು. ಎಂಎಸ್‌ಕ್ಯೂನಲ್ಲಿ ಭಾಗಶಃ ಅಂಕ ಇಲ್ಲ ಎಂಬುದೂ ನೆನಪಿರಲಿ: ಮೂರು ಸರಿಯಿದ್ದು ಎರಡನ್ನಷ್ಟೇ ಗುರುತಿಸಿದರೆ ಸೊನ್ನೆ.

ಇನ್ನು ಕ್ಯಾಲ್ಕುಲೇಟರ್. ಪರೀಕ್ಷೆಯಲ್ಲಿ ನಿಮ್ಮ ಕ್ಯಾಲ್ಕುಲೇಟರ್ ಬಿಡುವುದಿಲ್ಲ, ಪರದೆಯ ಮೇಲಿನದನ್ನೇ ಮೌಸ್‌ನಿಂದ ಒತ್ತಬೇಕು. ಕೀಬೋರ್ಡ್ ಮುಟ್ಟುವಂತಿಲ್ಲ, ಸಂಖ್ಯೆಯ ಉತ್ತರವನ್ನೂ ಪರದೆಯ ಕೀಪ್ಯಾಡ್‌ನಲ್ಲೇ ತುಂಬಬೇಕು. ಮನೆಯಲ್ಲಿ ವರ್ಷವಿಡೀ ಕೈಯಲ್ಲಿ ಹಿಡಿಯುವ ಕ್ಯಾಲ್ಕುಲೇಟರ್ ಬಳಸಿದವರಿಗೆ ಒಂದು ವರ್ಗಮೂಲ ತೆಗೆಯಲು ಇಮ್ಮಡಿ ಹೊತ್ತು ಹಿಡಿಯುತ್ತದೆ, ‘ಸಮಯ ಸಾಲದ್ದು’ ಎಂಬ ಖಾನೆ ತುಂಬುವುದು ಹೀಗೇ. ಡಿಗ್ರಿಯಲ್ಲಿದೆಯೋ ರೇಡಿಯನ್‌ನಲ್ಲಿದೆಯೋ ನೋಡದೆ ಸೈನ್ ಒತ್ತಿದರೆ ಹೋದ ಎರಡಂಕ ‘ಗೊತ್ತಿದ್ದೂ ತಪ್ಪಿದ್ದು’ ಖಾನೆಗೆ. ಜೂನ್‌ನಿಂದಲೇ ಪ್ರತಿ ಲೆಕ್ಕಕ್ಕೂ ಆ ಪರದೆಯ ಕ್ಯಾಲ್ಕುಲೇಟರನ್ನೇ ಬಳಸಿ. ನಡುವಿನ ಹಂತಗಳಲ್ಲಿ ನಾಲ್ಕು ದಶಮಾಂಶ ಉಳಿಸಿಕೊಂಡು ಕೊನೆಯಲ್ಲಿ ಮಾತ್ರ ಎರಡಕ್ಕೆ ಇಳಿಸಿ. ಮಧ್ಯದಲ್ಲೇ ಇಳಿಸಿದರೆ ಉತ್ತರ ಒಪ್ಪುವ ವ್ಯಾಪ್ತಿಯಿಂದ ಕೂದಲೆಳೆಯಷ್ಟು ಹೊರಗೆ ಬೀಳುತ್ತದೆ.

ತಪ್ಪುಗಳಿಗೆಂದೇ ಒಂದು ನೋಟ್‌ಬುಕ್ ಇರಲಿ, ಆದರೆ ಪೂರ್ತಿ ಉತ್ತರ ನಕಲಿಸಬೇಡಿ. ಒಂದು ಸಾಲು ಸಾಕು: ‘ಹೆಡ್ ಲಾಸ್‌ನಲ್ಲಿ ವ್ಯಾಸದ ಬದಲು ತ್ರಿಜ್ಯ ಹಾಕಿದೆ’. ಹದಿನೈದು ದಿನಕ್ಕೊಮ್ಮೆ ಓದಿದರೆ ಒಂದೇ ಜಾತಿಯ ತಪ್ಪು ಎಷ್ಟು ಬಾರಿ ಬಂದಿದೆ ಎಂದು ತಾನೇ ಕಾಣುತ್ತದೆ.

ನವೆಂಬರ್ ಕೊನೆಗೆ ನಾಲ್ಕು ಪೂರ್ಣ ಮಾಕ್‌ಗಳ ಸರಾಸರಿ ಹಿಂದಿನ ಪರೀಕ್ಷೆಯ ಅಂಕಕ್ಕಿಂತ ಆರೇಳಾದರೂ ಮೇಲಿರಬೇಕು. ಇಲ್ಲದಿದ್ದರೆ ಹೊಸ ವಿಷಯ ಓದುವುದನ್ನು ಅಲ್ಲಿಗೇ ನಿಲ್ಲಿಸಿ, ಓದಿದ್ದನ್ನೇ ಗಟ್ಟಿ ಮಾಡಿ. ಕೆಲಸದಲ್ಲಿರುವವರು ರಜೆಯನ್ನು ವರ್ಷವಿಡೀ ಚೂರುಚೂರಾಗಿ ಖರ್ಚು ಮಾಡದೆ ಜನವರಿಯ ಕೊನೆಯ ಎರಡು ವಾರಕ್ಕೆ ಉಳಿಸಿಕೊಳ್ಳಬೇಕು.

ಅರ್ಜಿಯಲ್ಲಿ ಆಗುವ ಎಡವಟ್ಟು

ಅರ್ಜಿ ಸಾಮಾನ್ಯವಾಗಿ ಆಗಸ್ಟ್ ಕೊನೆಗೆ ತೆರೆಯುತ್ತದೆ. 2025ರ ಸಾಲಿನಲ್ಲಿ ಶುಲ್ಕ ಪತ್ರಿಕೆಗೆ 1,800 ರೂಪಾಯಿ ಇತ್ತು. ಮಹಿಳೆಯರಿಗೆ, ಎಸ್‌ಸಿ, ಎಸ್‌ಟಿ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ 900. ನಮ್ಮ ರಾಜ್ಯದವರು ಎಡವುವುದು ಜಾತಿ ಪ್ರಮಾಣಪತ್ರದಲ್ಲಿ. ಸಿಇಟಿಗೆ ಕೊಟ್ಟ 2ಎ, 3ಬಿ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲ. ಕೇಂದ್ರದ ನಮೂನೆಯ ಒಬಿಸಿ ನಾನ್ ಕ್ರೀಮಿ ಲೇಯರ್ ಪ್ರಮಾಣಪತ್ರವೇ ಬೇಕು, ಅದೂ ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದ್ದರೆ ಮಾತ್ರ. ರಾಜ್ಯದ ಪಟ್ಟಿಯಲ್ಲಿದ್ದದ್ದೆಲ್ಲ ಕೇಂದ್ರದ ಪಟ್ಟಿಯಲ್ಲಿಲ್ಲ. ಒಬಿಸಿ ಮತ್ತು ಇಡಬ್ಲ್ಯೂಎಸ್‌ನವರಿಗೆ ಅರ್ಹತಾ ಅಂಕ ಸಾಮಾನ್ಯ ವರ್ಗದ 90 ಶೇಕಡಾ, ಎಸ್‌ಸಿ, ಎಸ್‌ಟಿಯವರಿಗೆ ಮೂರನೇ ಎರಡು ಭಾಗ ಇರುವುದರಿಂದ ಎಸ್‌ಸಿ, ಎಸ್‌ಟಿಯವರ ಕಾಗದಕ್ಕೆ ಎಂಟು ಹತ್ತು ಅಂಕದ ತೂಕವೂ ಇರಬಹುದು. ನಾಡಕಚೇರಿಯಲ್ಲಿ ಜೂನ್‌ನಲ್ಲೇ ಅರ್ಜಿ ಕೊಟ್ಟು, ಬಂದ ಪ್ರಮಾಣಪತ್ರದಲ್ಲಿ ಹೆಸರಿನ ಕಾಗುಣಿತ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವಂತೆಯೇ ಇದೆಯೇ, ಇನಿಷಿಯಲ್ ಸರಿಯಾಗಿದೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ. ತಿದ್ದುಪಡಿಗೆ ಮತ್ತೆ ಹೋದರೆ ವಾರಗಳು ಹಿಡಿಯುತ್ತವೆ.